ಎಲ್ಲಿ-ನಿಂತು ಮೇಡಂ

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹೆಂಗಸು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು. ಈಗ ಕಲಿಸುತ್ತಿಲ್ಲ. ಸತ್ತಿಲ್ಲ, ನಿವೃತ್ತರೂ ಆಗಿಲ್ಲ. ನಾನು ಇದನ್ನು ಬರೆಯುತ್ತಿರುವ ಹೊತ್ತಿನಲ್ಲಿ ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದಾರೆ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಯಾರನ್ನೋ ಬೈಯುತ್ತಿದ್ದಾರೆ. ಯಾರನ್ನೆಂದು ನನಗೆ ಗೊತ್ತು. ಈ ಬರಹ ಮುಗಿಯುವ ಹೊತ್ತಿಗೆ ನಿಮಗೂ ಗೊತ್ತಾಗುತ್ತದೆ.

ಹುಡುಗರು ಅವರಿಗೆ ಇಟ್ಟ ಅಡ್ಡಹೆಸರು ‘ಎಲ್ಲಿ-ನಿಂತು ಮೇಡಂ’. ತರಗತಿಯಲ್ಲಿ ಯಾರೇ ಎದ್ದು ಏನೇ ಹೇಳಲಿ, ಅವರ ಬಾಯಿಂದ ಮೊದಲು ಬರುತ್ತಿದ್ದ ಮಾತು ಅದೊಂದೇ. ಬಡವರು ದುಡ್ಡನ್ನು ಪೋಲು ಮಾಡುತ್ತಾರೆ ಎಂದು ಒಬ್ಬ ಹೇಳಿದನಂತೆ.

“ಎಲ್ಲಿ ನಿಂತು ನೋಡ್ದೆ?”

“ಪುಸ್ತಕದಲ್ಲಿದೆ ಮೇಡಂ.”

“ಪುಸ್ತಕ ಬರೆದವರು ಎಲ್ಲಿ ನಿಂತಿದ್ರು?”

“ಗೊತ್ತಿಲ್ಲ ಮೇಡಂ.”

“ಹಾಗಾದ್ರೆ ಕೂತ್ಕೊ. ಗೊತ್ತಾದ ದಿನ ಎದ್ದು ನಿಲ್ಲು.”

ಹಿಂದಿನ ಬೆಂಚಿನ ತರಲೆಯೊಬ್ಬ, “ನಾನಂತೂ ಎಲ್ಲಾನೂ ಕ್ಲಾಸಿನ ಹೊರಗೆ ನಿಂತೇ ನೋಡಿರೋದು ಮೇಡಂ,” ಎಂದಿದ್ದಕ್ಕೆ, “ಗೊತ್ತು ಕಣಪ್ಪ, ನಿನ್ನ ಉತ್ತರಪತ್ರಿಕೆ ನೋಡಿದ್ರೇ ತಿಳಿಯುತ್ತೆ,” ಎಂದಿದ್ದರು. ಹೆಸರು ಬೆನ್ನ ಹಿಂದೆ ಹುಟ್ಟಿತು, ಆಮೇಲೆ ಮುಖದೆದುರಿಗೇ ಬಂತು. ಅವರಿಗೇನೂ ಬೇಸರವಿರಲಿಲ್ಲ. ಹೆಸರಿಡುವುದಕ್ಕಾದರೂ ಎಚ್ಚರವಾಗಿದ್ದವಲ್ಲ ಮಕ್ಕಳು ಎನ್ನುತ್ತಿದ್ದರು.

ಈ ಪ್ರಶ್ನೆಯನ್ನು ಅವರಿಗೆ ಯಾವ ವಿಶ್ವವಿದ್ಯಾಲಯವೂ ಕೊಟ್ಟದ್ದಲ್ಲ. ಅವರ ಅಪ್ಪ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಕೆಲಸಕ್ಕಿದ್ದವರು. ನೆಲಕ್ಕೆ ಸಮನಾಗಿ ಹಾಸಿದ ಕಬ್ಬಿಣದ ಹಾಸು, ಪಕ್ಕದಲ್ಲೊಂದು ಗೂಡಿನಂಥ ಕೋಣೆ, ಅದರೊಳಗೆ ತೂಕ ತೋರಿಸುವ ಮುಳ್ಳು. ಖಾಲಿ ಲಾರಿಯನ್ನು ತೂಗುವಾಗ ಕ್ಲೀನರು ಏನೂ ಅರಿಯದವನಂತೆ ಹಾಸಿನ ಅಂಚಿನಲ್ಲಿ ನಿಂತುಬಿಡುತ್ತಿದ್ದ. ಸರಕು ತುಂಬಿಕೊಂಡು ಬಂದಾಗ ಕೆಳಗಿಳಿದು ಬೀಡಿ ಹಚ್ಚುತ್ತಿದ್ದ. ಒಬ್ಬನ ಮೈಭಾರದಷ್ಟು ಸರಕು ಲೆಕ್ಕದಿಂದ ಮಾಯ. “ಮಗಳೇ, ಮುಳ್ಳು ಸುಳ್ಳು ಹೇಳಲ್ಲ. ಆದ್ರೆ ಮುಳ್ಳು ನೋಡೋ ಮುಂಚೆ ಯಾರು ಎಲ್ಲಿ ನಿಂತಿದಾರೆ ಅಂತ ಹೊರಗೆ ಇಣುಕಬೇಕು,” ಎಂದು ಅಪ್ಪ ಹೇಳಿಕೊಟ್ಟಿದ್ದರು. ಮಗಳು ಆಮೇಲೆ ಎಷ್ಟೋ ದಪ್ಪ ಪುಸ್ತಕಗಳನ್ನು ಓದಿದರು, ಚಿನ್ನದ ಪದಕವನ್ನೂ ತಂದರು. ಆದರೆ ಅಪ್ಪನ ಆ ಒಂದು ಮಾತಿನ ಮುಂದೆ ಮಿಕ್ಕಿದ್ದೆಲ್ಲ ಅಡಿಟಿಪ್ಪಣಿ ಎನ್ನುತ್ತಿದ್ದರು.

ಪದಕ ಇದ್ದರೇನು, ಕಾಲೇಜು ಅವರನ್ನು ಇಟ್ಟುಕೊಂಡದ್ದು ಅತಿಥಿ ಉಪನ್ಯಾಸಕಿಯಾಗಿ. ಅತಿಥಿಯಂತೆ! ಯಾವ ಮನೆಯಲ್ಲಿ ಅತಿಥಿಯ ಕೈಲಿ ಕಸಬರಿಕೆಯಿಂದ ಹಿಡಿದು ಕೋಣೆಯ ಬೀಗದವರೆಗೆ ಎಲ್ಲ ಕೆಲಸ ಮಾಡಿಸಿ, ಬೇಸಿಗೆ ಬಂದ ಕೂಡಲೆ ಹೊರಗೆ ಕಳಿಸಿ, ರಜೆ ಮುಗಿದ ಮೇಲೆ ಮತ್ತೆ ಬಾಗಿಲು ತಟ್ಟಿಸಿಕೊಳ್ಳುತ್ತಾರೆ? ಕೂದಲು ಬೆಳ್ಳಗಾಗುವವರೆಗೂ ಅವರು ಅತಿಥಿಯಾಗಿಯೇ ಇದ್ದರು. ಮದುವೆಯಾಗಲಿಲ್ಲ. ಅಕ್ಕ ತೀರಿಕೊಂಡ ಮೇಲೆ ಅಕ್ಕನ ಮಗಳನ್ನು ತಂದು ಸಾಕಿದರು, ಓದಿಸಿದರು. ಆ ಹುಡುಗಿ ಇವರನ್ನು ಮನೆಯಲ್ಲಿ ಚಿಕ್ಕಮ್ಮ ಎನ್ನುತ್ತಾಳೆ. ಇವರ ವಿಭಾಗದಲ್ಲೇ ಕೊನೆಯ ವರ್ಷಕ್ಕೆ ಬಂದಿದ್ದ ಅವಳು ಅಲ್ಲಿ ಮಾತ್ರ ಮೇಡಂ ಎನ್ನುತ್ತಿದ್ದಳು.

ಈ ವರ್ಷ ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು. ಸಮಿತಿ ಬರುತ್ತದೆಂದರೆ ಗೋಡೆಗೆ ಸುಣ್ಣ, ಕುಂಡಕ್ಕೆ ಗಿಡ, ಶೌಚಾಲಯಕ್ಕೆ ಬಾಗಿಲು. ವಿಭಾಗದ ಮುಖ್ಯಸ್ಥರು ಇವರನ್ನು ಕರೆದು, “ಮೇಡಂ, ನಮ್ಮ ಅರ್ಥಶಾಸ್ತ್ರದ ಪದವೀಧರರಲ್ಲಿ ಯಾವ ಯಾವ ಕೌಶಲ, ಯಾವ ಯಾವ ಮೌಲ್ಯ ಇರ್ಬೇಕು ಅಂತ ಒಂದು ಬೋರ್ಡ್ ಬರೆಸ್ಬೇಕು. ಸಮಿತಿಯವ್ರು ಮೊದ್ಲು ಅದನ್ನೇ ನೋಡೋದು. ನಿಮ್ಮ ಭಾಷೆ ಚೆನ್ನಾಗಿದೆ, ಬರ್ಕೊಡಿ,” ಎಂದರು.

ಇವರು ಒಂದೇ ಸಾಲು ಬರೆದುಕೊಟ್ಟರು: ‘ಏನನ್ನಾದರೂ ಹೇಳುವ ಮುಂಚೆ, ತಾನು ಎಲ್ಲಿ ನಿಂತು ನೋಡಿದೆ ಎಂದು ಹೇಳುವುದು.’

ಮುಖ್ಯಸ್ಥರು ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದರು. “ಇಷ್ಟೇನಾ?”

“ಇಷ್ಟು ಬಂದ್ರೆ ಸಾಕು ಸರ್. ಇದೇ ಬರಲ್ಲ.”

“ಬೋರ್ಡ್ ಆಳೆತ್ತರ ಇದೆ ಮೇಡಂ. ಒಂದು ಸಾಲು ಬರೆದ್ರೆ ಬೋಳು ಬೋಳಾಗಿ ಕಾಣುತ್ತೆ.”

ಕೊನೆಗೆ ಮುಖ್ಯಸ್ಥರೇ ಎಲ್ಲಿಂದಲೋ ಎಂಟು ಮಾತು ಎತ್ತಿ ತಂದರು. ವಿಮರ್ಶಾತ್ಮಕ ಚಿಂತನೆ, ದತ್ತಾಂಶ ವಿಶ್ಲೇಷಣೆ, ಸಂವಹನ ಸಾಮರ್ಥ್ಯ, ತಂಡದ ಮನೋಭಾವ, ನಾಯಕತ್ವ, ನೈತಿಕತೆ, ಸಾಮಾಜಿಕ ಹೊಣೆಗಾರಿಕೆ, ಜಾಗತಿಕ ದೃಷ್ಟಿ. ಪೇಂಟರು ನೀಲಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳನ್ನು ಮುತ್ತು ಪೋಣಿಸಿದಂತೆ ಬರೆದ. ಒಂದಕ್ಷರವೂ ತಪ್ಪಿರಲಿಲ್ಲ. ಅದೇ ನನಗೆ ಸಿಟ್ಟು. ಆ ಕಟ್ಟಡದಲ್ಲಿ ತಪ್ಪಿಲ್ಲದ ವಸ್ತು ಅದೊಂದೇ.

ಅದೇ ಹೊತ್ತಿಗೆ ಸಾರಿಗೆ ಕಚೇರಿಯಿಂದ ಒಂದು ಕೇಳಿಕೆ ಬಂತು. ನಮ್ಮ ಬಡಾವಣೆಯಿಂದ ಹೊರಟು, ಮಾರುಕಟ್ಟೆ ದಾಟಿ, ದೊಡ್ಡಾಸ್ಪತ್ರೆ ದಾಟಿ, ಕಾಲೇಜಿನ ಗೇಟಿಗೆ ಹೋಗಿ ನಿಲ್ಲುವ ಬಸ್ಸೊಂದಿದೆ. ಬೆಳಕು ಹರಿಯುವ ಹೊತ್ತಿಗೆ ಹೊರಡುವ ಮೊದಲ ಬಸ್ಸಿನಲ್ಲಿ ಟಿಕೆಟ್ಟೇ ಹರಿಯುವುದಿಲ್ಲ ಎಂದು ಕಚೇರಿಯ ಸಾಹೇಬರಿಗೆ ಚಿಂತೆ. ಹರಿಯುವುದಾದರೂ ಹೇಗೆ? ಅದರಲ್ಲಿ ಹೋಗುವ ಮೂಟೆ ಹೊರುವವರು, ಆಸ್ಪತ್ರೆಯ ಆಯಾಗಳು, ಕಚೇರಿ ಗುಡಿಸುವವರು ಎಲ್ಲರ ಕೈಲೂ ತಿಂಗಳ ಪಾಸು. ಪಾಸು ತೋರಿಸಿದರೆ ಮೆಷಿನ್ನು ಕಿರುಗುಟ್ಟುವುದಿಲ್ಲ, ಮೆಷಿನ್ನು ಕಿರುಗುಟ್ಟದಿದ್ದರೆ ಸಾಹೇಬರ ಲೆಕ್ಕದಲ್ಲಿ ಮನುಷ್ಯರಿಲ್ಲ. ಆದರೂ ಸಾಹೇಬರು ಬಲು ನ್ಯಾಯವಂತರು. ಬಸ್ಸು ನಿಲ್ಲಿಸುವ ಮುಂಚೆ ಕಾಲೇಜಿನವರಿಂದ ಒಂದು ಅಧ್ಯಯನ ಆಗಲಿ ಎಂದರು. ಅಧ್ಯಯನ ಮಾಡಿದ ವಿದ್ಯಾರ್ಥಿಗಳಿಗೆ ಕಚೇರಿಯ ಯೋಜನಾ ವಿಭಾಗದಲ್ಲಿ ಕೆಲಸವನ್ನೂ ಕೊಡುತ್ತೇವೆ ಎಂದರು. ಮುಖ್ಯಸ್ಥರಿಗೆ ಇನ್ನೇನು ಬೇಕು? ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿತ್ತು.

ಅಧ್ಯಯನಕ್ಕೆ ಆರಿಸಿದ ಮೂವರಲ್ಲಿ ಅಕ್ಕನ ಮಗಳೂ ಒಬ್ಬಳು. ಬುದ್ಧಿವಂತೆ, ತರಗತಿಗೆ ಮೊದಲು. ಮಿಕ್ಕಿಬ್ಬರು ಕಾಲೇಜಿನ ಎದುರು ಹಾಸ್ಟೆಲಿನಲ್ಲಿದ್ದ ಗೆಳತಿಯರು. ಬೆಳಗಿನ ಜಾವ ಏಳಬೇಕಲ್ಲ ಎಂದು ಇವಳೂ ಒಂದು ವಾರ ಹಾಸ್ಟೆಲಿಗೇ ಹೋಗಿ ಉಳಿದಳು. ವರದಿ ಬಂತು. ಬಣ್ಣದ ನಕ್ಷೆಗಳು, ಏರಿಳಿಯುವ ಗೆರೆಗಳು, ಕೊನೆಯಲ್ಲಿ ಒಂದು ವಾಕ್ಯ: ‘ಸದರಿ ಬಸ್ಸಿಗೆ ಬೇಡಿಕೆ ಇರುವುದಿಲ್ಲ.’ ಮಾರ್ಗದರ್ಶಕಿಯ ಜಾಗದಲ್ಲಿ ಚಿಕ್ಕಮ್ಮ ಸಹಿ ಹಾಕಿದರು.

ಹೌದು, ಅವರೇ. ಊರಿಗೆಲ್ಲ ಕೇಳುತ್ತಿದ್ದ ಪ್ರಶ್ನೆಯನ್ನು ಆ ದಿನ ಕೇಳಲಿಲ್ಲ. ಸಮಿತಿಗೆಂದು ಹಳೆಯ ಕಡತಗಳನ್ನು ಹೊಂದಿಸುವ ಚಾಕರಿ ಅವರ ತಲೆಯ ಮೇಲಿತ್ತು, ಕೈಲಿ ಧೂಳಿತ್ತು. ಅದಕ್ಕಿಂತ ಹೆಚ್ಚಾಗಿ, ನಮ್ಮ ಹುಡುಗಿಯಲ್ಲವೇ ಎಂದುಕೊಂಡರು. ದೀಪದ ಬುಡದಲ್ಲಿ ಕತ್ತಲೆ ಎಂದು ನಾನು ಬೇರೆ ಹೇಳಬೇಕಿಲ್ಲ. ಅವರೇ ಆಮೇಲೆ ದಿನಕ್ಕೆ ಹತ್ತು ಸಲ ಹೇಳಿಕೊಂಡಿದ್ದಾರೆ.

ಬಸ್ಸು ನಿಂತಿತು. ವರದಿಯ ಬಿಡುಗಡೆ ಸಮಾರಂಭ ಇನ್ನೂ ಆಗಿರಲಿಲ್ಲ. ಮುಖ್ಯಸ್ಥರು ಮುಂಚೆಯೇ ಸಾಹೇಬರಿಗೆ ಕಳಿಸಿಬಿಟ್ಟಿದ್ದರು, ಸಾಹೇಬರಿಗೆ ಬೇಕಾಗಿದ್ದದ್ದು ಕೊನೆಯ ವಾಕ್ಯ ಮಾತ್ರ.

ನಮ್ಮ ಅತ್ತಿಗೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾರೆ. ರೋಗಿಗಳು ಏಳುವ ಮುಂಚೆ ಒಗೆದ ಹೊದಿಕೆಗಳನ್ನು ಮಡಚಿ ವಾರ್ಡಿಗೆ ಕಳಿಸಬೇಕು. ಬಸ್ಸು ನಿಂತ ಮೇಲೆ ಕತ್ತಲಲ್ಲೇ ಎದ್ದು ನಡೆದು ಹೋಗುತ್ತಿದ್ದರು. ಮಂಡಿ ಊದಿಕೊಂಡಿತು. ಎರಡು ಸಲ ತಡವಾದದ್ದಕ್ಕೆ ಮೇಲ್ವಿಚಾರಕ, “ಇನ್ನೊಂದು ಸಲ ಲೇಟಾದ್ರೆ ಮನೇಲೇ ಇರಿ,” ಎಂದಿದ್ದ. ಆ ಸಂಜೆ ಅತ್ತಿಗೆ ಮೆಟ್ಟಿಲ ಮೇಲೆ ಕೂತು ಮಂಡಿಗೆ ಬಿಸಿನೀರಿನ ಬಟ್ಟೆ ಒತ್ತಿಕೊಳ್ಳುತ್ತಿದ್ದಾಗ ಮೇಡಂ ಕೈಚೀಲ ಹಿಡಿದು ಬಂದರು.

“ಏನಾಯ್ತು ಅತ್ತಿಗೆ ಕಾಲಿಗೆ?” ನಾನು ಕರೆಯುವಂತೆ ಅವರೂ ಅತ್ತಿಗೆ ಎಂದೇ ಕರೆಯುವುದು.

“ಕಾಲಿಗೇನಾಗಿಲ್ಲ ಬಿಡಿ. ನಿಮ್ಮ ಕಾಲೇಜಿನ ಕಣ್ಣಿಗೇನೋ ಆಗಿದೆ.”

“ಅಂದ್ರೆ?”

“ಕಂಡಕ್ಟರ್ ಹೇಳ್ದ. ಕಾಲೇಜಿನವ್ರು ಬಂದು ನೋಡಿದ್ರಂತೆ, ಬಸ್ಸು ಖಾಲಿ ಇತ್ತಂತೆ. ಖಾಲಿ! ಸೀಟಿಗೋಸ್ಕರ ನಾನು ದಿನಾ ಆ ಮೂಟೆಯವನ ಜೊತೆ ಜಗಳ ಆಡ್ತಿದ್ನಲ್ಲ, ಹಾಗಾದ್ರೆ ಅವನು ದೆವ್ವನಾ? ನಾನೂ ದೆವ್ವನಾ? ನೀವು ಇಷ್ಟು ದಿನ ಮೇಲಿನ ಮನೇಲಿದ್ಕೊಂಡು ದೆವ್ವದ ಜೊತೆ ಮಾತಾಡ್ತಿದ್ರಾ?”

ಮೇಡಂ ನೇರ ಮೆಟ್ಟಿಲು ಹತ್ತಿ ಹೋದರು. ನಮ್ಮ ಮನೆಯ ಚಾವಣಿ ತೆಳು, ಮೇಲಿನ ಮಾತು ಕೆಳಗೆ ಇಳಿಯುತ್ತದೆ. ಆ ಸಂಜೆ ಕದ್ದು ಕೇಳುವ ಕಷ್ಟವನ್ನೂ ನಮಗೆ ಯಾರೂ ಕೊಡಲಿಲ್ಲ.

“ಎಲ್ಲಿ ನಿಂತು ನೋಡಿದ್ರಿ?”

ಮೊದಲು ಪಾತ್ರೆಯ ಸದ್ದು. ಆಮೇಲೆ ಹುಡುಗಿಯ ದನಿ. “ಮನೇಲೂ ಮೇಡಂ ಆಗ್ಬೇಡ ಚಿಕ್ಕಮ್ಮ.”

“ಕೇಳಿದ್ದಕ್ಕೆ ಹೇಳು.”

“ಕಾಲೇಜ್ ಗೇಟ್ ಹತ್ರ. ಟೀ ಅಂಗಡಿ ಬೆಂಚಿನ ಮೇಲೆ.”

“ಅದು ಕೊನೇ ಸ್ಟಾಪು ಕಣೇ.”

“ಗೊತ್ತು.”

“ಕೊನೇ ಸ್ಟಾಪಿಗೆ ಬರೋ ಹೊತ್ತಿಗೆ ಯಾವ ಬಸ್ಸು ತುಂಬಿರುತ್ತೆ? ಮಾರ್ಕೆಟ್ಟಲ್ಲಿ ಅರ್ಧ ಇಳೀತಾರೆ, ಆಸ್ಪತ್ರೇಲಿ ಮಿಕ್ಕವ್ರು ಇಳೀತಾರೆ. ಆ ಹೊತ್ತಲ್ಲಿ ಕಾಲೇಜಿಗೆ ಯಾರು ಬರ್ತಾರೆ, ನಾಯಿ ಬಿಟ್ರೆ?”

“ಮೊದಲನೇ ಸ್ಟಾಪಿಂದ ಹತ್ತಿ ಬರೋಣ ಅಂತ ನಾನು ಹೇಳ್ದೆ. ಅವ್ರಿಬ್ರೂ ಅಷ್ಟು ಬೇಗ ಹಾಸ್ಟೆಲ್ ಗೇಟು ತೆಗೆಯಲ್ಲ ಅಂದ್ರು. ಸರ್ ಕೂಡ, ಎಲ್ಲಿ ನಿಂತ್ರೂ ಬಸ್ಸು ಅದೇ ತಾನೇ ಅಂದ್ರು.”

“ಕೆಳಗಿನ ಮನೆ ಅತ್ತಿಗೆ ಅದೇ ಬಸ್ಸಲ್ಲಿ ಹೋಗೋದು ನಿಂಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತು. ಸರ್‌ಗೂ ಹೇಳ್ದೆ. ಒಬ್ಬರ ವಿಷಯ ಉದಾಹರಣೆ ಆಗುತ್ತೆ, ದತ್ತಾಂಶ ಆಗಲ್ಲ ಅಂದ್ರು.”

ಕೆಳಗೆ ಮಂಡಿಗೆ ಬಟ್ಟೆ ಒತ್ತಿಕೊಂಡಿದ್ದ ಉದಾಹರಣೆ ನನ್ನ ಮುಖ ನೋಡಿತು. “ಏನಂತೆ ನಾನು?” ಎಂದರು ಅತ್ತಿಗೆ.

ನನಗೆ ಆ ಹುಡುಗಿಯ ಮೇಲೆ ಅರ್ಧ ಸಿಟ್ಟು. ಮಿಕ್ಕ ಅರ್ಧ, ಅದಕ್ಕೆ ಇನ್ನೊಂದಿಷ್ಟು ಸೇರಿಸಿ, ಆ ಮಾತನ್ನು ಅವಳ ತಲೆಗೆ ತುಂಬಿದವರ ಮೇಲೆ. ಒಬ್ಬರನ್ನು ನೋಡಿ ಎಲ್ಲರ ಬಗ್ಗೆ ತೀರ್ಮಾನ ಮಾಡಬೇಡ ಎನ್ನುವುದು ಒಳ್ಳೆಯ ಪಾಠ. ಆದರೆ ಒಬ್ಬರು ಎದುರಿಗೆ ಬಂದಾಗ ನಿನ್ನ ತೀರ್ಮಾನ ತಪ್ಪಿರಬಹುದು, ಎದ್ದು ಹೋಗಿ ಇನ್ನೊಮ್ಮೆ ನೋಡು ಎನ್ನುವುದು ಅದೇ ಪಾಠದ ಮುಂದಿನ ಪುಟ. ಆ ಪುಟ ಹರಿದು ಹಾಕಿ ಪದವಿ ಹಂಚುವವರಿಗೆ ಏನನ್ನೋಣ? ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು ಇದ್ದರಂತೆ. ಇವರು ಆಳವನ್ನೂ ನೋಡುವುದಿಲ್ಲ. ಬಾವಿಕಟ್ಟೆಯ ಮೇಲೆ ಕೂತು ನೀರಿಲ್ಲ ಎಂದು ಬರೆಯುತ್ತಾರೆ.

ಮೇಡಂ ಮರುದಿನವೇ ಮುಖ್ಯಸ್ಥರ ಕೋಣೆಗೆ ಹೋದರು. ವರದಿ ವಾಪಸ್ ತೆಗೆದುಕೊಳ್ಳಬೇಕು, ನನ್ನ ಸಹಿ ಹಿಂದೆ ಪಡೆಯುತ್ತೇನೆ ಎಂದರು.

“ಸಮಿತಿ ಬಂದು ಹೋಗ್ಲಿ ಮೇಡಂ. ಆಮೇಲೆ ನೋಡೋಣ.”

“ಅಷ್ಟರಲ್ಲಿ ಜನ ಕೆಲಸ ಕಳ್ಕೋತಾರೆ ಸರ್.”

“ನೋಡಿ, ನಿಮ್ಮ ಹುಡುಗಿಗೇ ಕೆಲಸ ಸಿಗ್ತಿರೋದು. ಬಾಯಿಗೆ ಬಂದ ತುತ್ತನ್ನ ನೀವೇ ಕೈಯಾರೆ ತಳ್ತೀರಾ? ನಿಮ್ಮ ಮುಂದಿನ ವರ್ಷದ ಆದೇಶಾನೂ ನನ್ನ ಮೇಜಿನ ಮೇಲೇ ಇದೆ. ಸುಮ್ನೆ ಹೇಳ್ದೆ.”

ಸುಮ್ಮನೆ ಹೇಳಿದರಂತೆ! ಸುಮ್ಮನೆ ಹೇಳುವ ಮಾತಿಗೆ ಇರುವಷ್ಟು ಹಲ್ಲು ಈ ಕಾಲದಲ್ಲಿ ಬೈಗುಳಕ್ಕೂ ಇಲ್ಲ.

ಮನೆಗೆ ಬಂದು ಮೇಡಂ ಹುಡುಗಿಗೆ ಎಲ್ಲವನ್ನೂ ಹೇಳಿದರು. ಸಮಾರಂಭದಲ್ಲಿ ನಾನು ಎದ್ದು ಕೇಳುತ್ತೇನೆ, ಮುಂಚೆಯೇ ಹೇಳಿದ್ದೇನೆ, ಆಮೇಲೆ ಚಿಕ್ಕಮ್ಮ ಬೆನ್ನಿಗೆ ಚೂರಿ ಹಾಕಿದಳು ಎನ್ನಬೇಡ ಎಂದರು. ಹುಡುಗಿ ಅತ್ತಳು. “ನೀನೇ ಅಲ್ವಾ ಸಹಿ ಹಾಕಿದ್ದು?” ಎಂದು ಕೂಗಿದಳು. “ಹೌದು, ನಾನೇ,” ಎಂದದ್ದು ಕೇಳಿಸಿತು. ಆಮೇಲೆ ಬಾಗಿಲು ಬಡಿದ ಸದ್ದು.

ಸಮಾರಂಭದ ದಿನ ಪತ್ರಿಕೆಯವನೆಂದು ನನಗೂ ಒಂದು ಕುರ್ಚಿ ಸಿಕ್ಕಿತು. ವೇದಿಕೆಯ ಹಿಂದೆ ನೀಲಿ ಬೋರ್ಡು. ಸಮಿತಿಯ ಬಿಳಿತಲೆಯ ಅಧ್ಯಕ್ಷರು, ಸಾರಿಗೆ ಕಚೇರಿಯ ಸಾಹೇಬರು, ಮಧ್ಯದಲ್ಲಿ ಬೆವರೊರೆಸಿಕೊಳ್ಳುವ ಮುಖ್ಯಸ್ಥರು. ಮೇಡಂಗೆ ಸಭಾಂಗಣದ ಹಿಂಬಾಗಿಲ ಹತ್ತಿರ ಚಹಾ, ಬಿಸ್ಕತ್ತಿನ ಉಸ್ತುವಾರಿ ಕೊಟ್ಟಿದ್ದರು. ಚಿನ್ನದ ಪದಕಕ್ಕೆ ತಕ್ಕ ಕೆಲಸ.

ಹುಡುಗಿ ವರದಿ ಓದಿದಳು. ನಕ್ಷೆಗಳು ಪರದೆಯ ಮೇಲೆ ಹಾರಿ ಬಂದವು. ಚಪ್ಪಾಳೆ ಬಿತ್ತು. ಯಾರಾದರೂ ಪ್ರಶ್ನೆ ಕೇಳುವುದಿದೆಯೇ ಎಂದು ಮುಖ್ಯಸ್ಥರು ಶಾಸ್ತ್ರಕ್ಕೆ ಕೇಳಿ ಆಗಲೇ ವಂದನಾರ್ಪಣೆಯ ಕಾಗದ ಬಿಚ್ಚಿದ್ದರು.

“ನಂದೊಂದಿದೆ,” ಎಂಬ ದನಿ ಹಿಂದಿನಿಂದ ಬಂತು. ಎಲ್ಲರೂ ತಿರುಗಿದರು. ಮೇಡಂ ಚಹಾದ ತಟ್ಟೆಯನ್ನು ಮೇಜಿನ ಮೇಲಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡರು. “ಈ ವರದಿಗೆ ಮಾರ್ಗದರ್ಶಕಿ ಅಂತ ಸಹಿ ಹಾಕಿರೋಳು ನಾನು. ಕೇಳಬೇಕಾದ್ದನ್ನ ಕೇಳದೆ ಹಾಕಿದೀನಿ. ತಪ್ಪು ನಂದು. ಅದಕ್ಕೇ ಈಗ ಕೇಳ್ತೀನಿ.”

ಅವರು ಬಾಯಿ ತೆರೆಯುವ ಮುಂಚೆಯೇ ಇಡೀ ಸಭಾಂಗಣ ಒಟ್ಟಾಗಿ ಕೂಗಿತು: “ಎಲ್ಲಿ ನಿಂತು ನೋಡ್ದೆ?” ನಗುವೋ ನಗು. ಹಿಂದಿನ ಬೆಂಚಿನ ತರಲೆ ಶಿಳ್ಳೆ ಹಾಕಿದ. ಸಾಹೇಬರಿಗೆ ಅರ್ಥವಾಗದಿದ್ದರೂ ಶಿಷ್ಟಾಚಾರಕ್ಕೆ ನಕ್ಕರು.

ನಗದೆ ಇದ್ದವಳು ಮೈಕಿನ ಮುಂದಿನ ಹುಡುಗಿಯೊಬ್ಬಳೇ. ನಗು ಇಳಿಯುವವರೆಗೂ ಚಿಕ್ಕಮ್ಮನ ಮುಖವನ್ನೇ ನೋಡುತ್ತಿದ್ದಳು. ಮುಖ್ಯಸ್ಥರು ಮೈಕಿಗೆ ಕೈಚಾಚಿದರು. ಅವಳು ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

“ಕೊನೇ ಸ್ಟಾಪಲ್ಲಿ, ಮೇಡಂ. ಕಾಲೇಜ್ ಗೇಟ್ ಮುಂದೆ ಬೆಂಚಿನ ಮೇಲೆ ಕೂತು ನೋಡಿದ್ವಿ. ಎಲ್ಲರೂ ಇಳಿದ ಮೇಲಿನ ಬಸ್ಸನ್ನ ನೋಡಿ ಖಾಲಿ ಅಂತ ಬರೆದ್ವಿ. ಈ ವರದಿ ತಪ್ಪು. ದಯವಿಟ್ಟು ಬಸ್ಸು ಬಿಡಿ, ಸರ್. ನಮ್ಮ ಕೆಳಗಿನ ಮನೆಯವ್ರು ನಡ್ಕೊಂಡು ಹೋಗ್ತಿದಾರೆ.”

ಆಗ ಬಿಳಿತಲೆಯ ಅಧ್ಯಕ್ಷರು ಎದ್ದು ನಿಂತು ಏನು ಮಾಡಿದರು ಗೊತ್ತೇ? ಚಪ್ಪಾಳೆ ತಟ್ಟಿದರು. ಕಣ್ಣಲ್ಲಿ ನೀರು ತಂದುಕೊಂಡು, “ಇದೇ, ಇದೇ! ಗುರು ಪ್ರಶ್ನಿಸುತ್ತಾರೆ, ಶಿಷ್ಯೆ ಒಪ್ಪಿಕೊಳ್ಳುತ್ತಾಳೆ. ಎಂಥ ವಿಮರ್ಶಾತ್ಮಕ ವಾತಾವರಣ! ಇಂಥದ್ದನ್ನ ನಾನು ಯಾವ ಕಾಲೇಜಲ್ಲೂ ಕಂಡಿಲ್ಲ,” ಎಂದರು. ಮುಖ್ಯಸ್ಥರ ಮುಖ ಬಿಳಿಚಿದ್ದು ಕ್ಷಣದಲ್ಲಿ ಕೆಂಪೇರಿತು. ನಮ್ಮ ವಿಭಾಗದ ಸಂಪ್ರದಾಯವೇ ಇದು ಸರ್ ಎಂದುಬಿಟ್ಟರು. ಆಮೇಲೆ ಎಲ್ಲರೂ ಊಟಕ್ಕೆ ಹೋದರು.

ಬಸ್ಸಿನ ಬಗ್ಗೆ ಒಬ್ಬರೂ, ಒಬ್ಬರೇ ಒಬ್ಬರೂ ತುಟಿ ಬಿಚ್ಚಲಿಲ್ಲ. ನಾನು ಊಟದ ಸಾಲಿನಲ್ಲಿ ಸಾಹೇಬರನ್ನು ಹಿಡಿದು ಕೇಳಿದೆ. “ಅದು ಶೈಕ್ಷಣಿಕ ಚರ್ಚೆ, ಇದು ಆಡಳಿತ. ಎರಡನ್ನೂ ಬೆರೆಸ್ಬೇಡಿ,” ಎಂದರು, ತಟ್ಟೆಯಲ್ಲಿ ಮಾತ್ರ ಎಲ್ಲವನ್ನೂ ಬೆರೆಸಿಕೊಳ್ಳುತ್ತಾ.

ಕಾಲೇಜಿಗೆ ಅತ್ಯುತ್ತಮ ದರ್ಜೆ ಬಂತು. ಪೇಂಟರನ್ನು ಮತ್ತೆ ಕರೆಸಿ ಬೋರ್ಡಿನ ಕೆಳಗೆ ಒಂಬತ್ತನೆಯ ಸಾಲು ಬರೆಸಿದರು: ‘ಪ್ರಶ್ನಿಸುವ ಮನೋಭಾವ’. ಜಾಗ ಸಾಲದೆ ಅಕ್ಷರ ಸಣ್ಣದಾಗಿದೆ, ಬಗ್ಗಿ ಓದಬೇಕು. ಅದೇ ವಾರ ಮುಂದಿನ ವರ್ಷದ ಅತಿಥಿಗಳ ಹೆಸರು ಬಂತು. ಪ್ರಶ್ನೆ ಕೇಳಿದವರ ಹೆಸರಿರಲಿಲ್ಲ. ಇಬ್ಬರು ಗೆಳತಿಯರಿಗೆ ಕೆಲಸದ ಆದೇಶ ಸಿಕ್ಕಿತು. ನಮ್ಮ ಹುಡುಗಿಯದು ಪರಿಶೀಲನೆಯಲ್ಲಿದೆಯಂತೆ. ಪರಿಶೀಲನೆ ಎಂಬ ಬಾವಿಗೆ ಬಿದ್ದದ್ದು ಮೇಲೆ ಬಂದದ್ದನ್ನು ನಾನು ನೋಡಿಲ್ಲ.

ಆದರೂ ಅತ್ತಿಗೆ ಸುಮ್ಮನಿರುವ ಪೈಕಿ ಅಲ್ಲ. ಒಗೆಯುವ ವಿಭಾಗದವರು, ಮಾರುಕಟ್ಟೆಯವರು ಎಲ್ಲರನ್ನೂ ಕರೆದುಕೊಂಡು ಸಾರಿಗೆ ಕಚೇರಿಯ ಅಂಗಳದಲ್ಲಿ ಹೋಗಿ ಕೂತರು. ನಾನೂ ಈ ಪತ್ರಿಕೆಯಲ್ಲಿ ನಾಲ್ಕು ಸಾಲು ಬರೆದೆ. ಸಾಹೇಬರು ಕಿಟಕಿಯಿಂದಲೇ, “ಆಯ್ತು, ಮರು ಸಮೀಕ್ಷೆ ಮಾಡಿಸ್ತೀವಿ, ಈ ಸಲ ಮೊದಲನೇ ಸ್ಟಾಪಲ್ಲೇ,” ಎಂದರು. ಮಾಡಿಸಿದ್ದು ಯಾರ ಕೈಲಿ? ಅದೇ ವಿಭಾಗದ ಕೈಲಿ.

ಹುಡುಗಿ ಈಗ ಅತ್ತಿಗೆಯ ಊಟದ ಡಬ್ಬಿ ಹೊತ್ತುಕೊಂಡು ಬೆಳಿಗ್ಗೆ ಆಸ್ಪತ್ರೆಯವರೆಗೂ ಜೊತೆಯಲ್ಲಿ ನಡೆಯುತ್ತಾಳೆ. ಮೊದಲ ದಿನ ಅವಳ ಚಪ್ಪಲಿಯ ಪಟ್ಟಿ ಅರ್ಧ ದಾರಿಯಲ್ಲಿ ಕಿತ್ತುಹೋದಾಗ ಅತ್ತಿಗೆ, “ಈಗ ಸ್ವಲ್ಪ ಪದವಿ ಬರ್ತಾ ಇದೆ ನೋಡು,” ಎಂದು ಛೇಡಿಸಿದ್ದರಂತೆ. ಹೋದ ಸೋಮವಾರ ನಾನೂ ಅವರ ಜೊತೆ ಹೊರಟಿದ್ದೆ. ಬಡಾವಣೆಯ ಮೊದಲ ಸ್ಟಾಪಿನ ತಗಡಿನ ಚಾವಣಿಯ ಕೆಳಗೆ ಮೂವರು ಹೊಸ ವಿದ್ಯಾರ್ಥಿಗಳು ಫೋನು ಹಿಡಿದು ಕೂತಿದ್ದರು. ಕಾಲೇಜಿನ ಬಿಲ್ಲೆ ಕೊರಳಲ್ಲಿ ನೇತಾಡುತ್ತಿತ್ತು.

ಹುಡುಗಿ ನಿಂತಳು. “ಏನ್ರೋ, ಏನು ಮಾಡ್ತಿದೀರಿ?”

“ಸಮೀಕ್ಷೆ ಅಕ್ಕ. ಈ ಸಲ ಸರಿಯಾದ ಜಾಗದಲ್ಲೇ ನಿಂತಿದೀವಿ, ಮೊದಲನೇ ಸ್ಟಾಪು,” ಎಂದ ಒಬ್ಬ, ಹೆಮ್ಮೆಯಿಂದ.

“ಎಷ್ಟು ಜನ ಬಂದ್ರು?”

“ಯಾರೂ ಇಲ್ಲ ಅಕ್ಕ. ಮೂರು ದಿನದಿಂದ ಒಬ್ರೂ ಬಂದಿಲ್ಲ. ಸೊನ್ನೆ ಅಂತ ಬರ್ಕೊಂಡಿದೀವಿ.”

ನಿಂತುಹೋದ ಬಸ್ಸಿಗೆ ಕಾಯುವವರು ಯಾರಪ್ಪ? ನನ್ನ ಬಾಯಿಗೆ ಬಂದದ್ದನ್ನು ಸಂಪಾದಕರು ಅಚ್ಚು ಹಾಕುವುದಿಲ್ಲ. ಮೊದಲು ಬಸ್ಸು ಖಾಲಿ ಎಂದು ಬಸ್ಸು ನಿಲ್ಲಿಸಿದರು, ಈಗ ಸ್ಟಾಪು ಖಾಲಿ ಎಂದು ಬಸ್ಸು ಬಿಡುವುದಿಲ್ಲ. ಈ ಹಗರಣಕ್ಕೆ ಅಂಕ ಕೊಟ್ಟು, ಅಂಕದ ಮೇಲೆ ಮುದ್ರೆ ಒತ್ತಿ ಊರಿನ ಮೇಲೆ ಬಿಡುತ್ತಾರೆ.

ಹುಡುಗಿ ಬೈಯಲಿಲ್ಲ. ಡಬ್ಬಿಯನ್ನು ನನ್ನ ಕೈಗಿತ್ತು ಅವರ ಹತ್ತಿರ ಹೋದಳು.

“ಇಲ್ಲಿ ನಿಂತ್ರೆ ಏನು ಕಾಣ್ಸುತ್ತೆ?”

“ಏನೂ ಇಲ್ಲ ಅಂದ್ವಲ್ಲ.”

“ಹಿಂದೆ ತಿರುಗಿ ನೋಡಿ.”

ಹಿಂದಿನ ರಸ್ತೆಯಲ್ಲಿ, ದಾರಿದೀಪದ ಮಂಕು ಬೆಳಕಿನಲ್ಲಿ ಅವರು ಹೋಗುತ್ತಿದ್ದರು. ಆಯಾಗಳು, ಮೂಟೆಯವರು, ಕಸಬರಿಕೆ ಕಂಕುಳಲ್ಲಿ ಸಿಕ್ಕಿಸಿಕೊಂಡವರು, ಒಬ್ಬರ ಹಿಂದೆ ಒಬ್ಬರು, ಮಾತಿಲ್ಲದೆ, ಬಿರಬಿರನೆ. ಸ್ಟಾಪಿನ ಕಡೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ.

“ಎದ್ದೇಳಿ. ಇವ್ರ ಜೊತೆ ನಡೆದು ಆಸ್ಪತ್ರೆ ತನಕ ಬನ್ನಿ, ಆಮೇಲೆ ಏನು ಬೇಕಾದ್ರೂ ಬರ್ಕೊಳ್ಳಿ.”

“ಸರ್ ಸ್ಟಾಪಲ್ಲೇ ನಿಲ್ಲಿ ಅಂದಿದಾರೆ ಅಕ್ಕ,” ಎಂದ ಹೆಮ್ಮೆಯವನು, ಕೂತಲ್ಲಿಂದಲೇ. ಮಿಕ್ಕಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಫೋನು ಜೇಬಿಗೆ ಹಾಕಿ ಎದ್ದರು.

ಅತ್ತಿಗೆ ಆಗಲೇ ಮುಂದೆ ಹೋಗಿದ್ದರು. ಕುಂಟುತ್ತಲೇ ತಿರುಗಿ ಕೂಗಿದರು: “ಬರೋರು ಬೇಗ ಬನ್ನಿ! ಇವತ್ತು ಲೇಟಾದ್ರೆ ನಂಗೆ ಮನೇನೇ ಗತಿ, ನಿಮ್ಗೆ ನಾನೇ ಗತಿ!”

ಇಬ್ಬರೂ ಓಡಿದರು. ಅತ್ತಿಗೆ ಆ ದಿನ ಆಸ್ಪತ್ರೆಯ ಗೇಟು ಮುಚ್ಚುವ ಮುಂಚೆ ಒಳಗೆ ಹೋದರು. ಇಬ್ಬರ ವರದಿ ಸಾಹೇಬರ ಮೇಜಿನ ಮೇಲಿದೆ, ಒಬ್ಬನ ಸೊನ್ನೆಯೂ ಅದರ ಪಕ್ಕದಲ್ಲೇ ಇದೆ. ಯಾವುದು ಗೆಲ್ಲುತ್ತದೋ ನನಗೆ ತಿಳಿಯದು. ಇದನ್ನು ಬರೆಯುವ ಹೊತ್ತಿಗೆ ಬಸ್ಸು ಬಂದಿಲ್ಲ. ತಾರಸಿಯ ಮೇಲೆ ಮೇಡಂ ಬಟ್ಟೆ ಹರವಿ ಮುಗಿಸಿದ್ದಾರೆ, ಕೇಳದೆ ಸಹಿ ಹಾಕಿದ ತಮ್ಮನ್ನು ತಾವೇ ಬೈದುಕೊಳ್ಳುವುದು ಮಾತ್ರ ಇನ್ನೂ ಮುಗಿದಿಲ್ಲ. ಮೆಟ್ಟಿಲ ಕೆಳಗೆ ಆ ಇಬ್ಬರು ಹುಡುಗರು ಬಂದು ನಿಂತು, ಚಪ್ಪಲಿ ಬಿಡಲೋ ಬೇಡವೋ ಎಂದು ನೋಡುತ್ತಾ, ಎಲ್ಲಿ-ನಿಂತು ಮೇಡಂ ಮನೆ ಇದೇನಾ ಎಂದು ಅತ್ತಿಗೆಯನ್ನು ಕೇಳುತ್ತಿದ್ದಾರೆ.